ಸರದಿ ಬಿಟ್ಟುಕೊಡುವವನು

"ನಿಮ್ಮ ಸರದಿ ಏನು ನಿಮ್ಮಪ್ಪನ ಆಸ್ತೀನಾ, ಕಂಡಕಂಡವರಿಗೆ ಹಂಚೋಕೆ?"

ಅವಳು ಅವನೊಂದಿಗೆ ಆಡಿದ ಮೊಟ್ಟಮೊದಲ ಮಾತು ಇದು. ನೊರೆ ಉಕ್ಕದಿರಲೆಂದು ಓರೆಯಾಗಿ ಹಿಡಿದ ಗ್ಲಾಸು ಅವಳ ಕೈಯಲ್ಲಿತ್ತು. ಎದುರಿಗೆ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದವರ ಹೆಗಲುಗಳ ಗೋಡೆ. ಆ ಗೋಡೆಯ ನಡುವೆ ಎಣ್ಣೆಕಲೆಯ ನೀಲಿ ಅಂಗಿಯ ಈ ಮನುಷ್ಯ ಒಂದೇ ರಾಗ ಹಾಡುತ್ತಿದ್ದ. ಅವರಿಗೆ ಕೊಡಿ, ಪರವಾಗಿಲ್ಲ. ಇವರಿಗೆ ಕೊಡಿ, ನನಗೇನೂ ಅವಸರ ಇಲ್ಲ.

ಬೈಸಿಕೊಂಡವನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ನಕ್ಕಿತು.

"ನಮ್ಮಪ್ಪ ಆಸ್ತಿ ಅಂತ ಏನೂ ಬಿಟ್ಟುಹೋಗಲಿಲ್ಲ ಮೇಡಂ. ಹಂಚೋಕೆ ನನ್ನ ಹತ್ರ ಇರೋದು ಇದೊಂದೇ."

ಅವಳಿಗೆ ನಗು ಬಂತು, ನಗಲಿಲ್ಲ. ಬಾರಿನ ಕೌಂಟರಿನ ಹಿಂದೆ ನಿಂತ ಹೆಣ್ಣು ಒಬ್ಬನ ಜೋಕಿಗೆ ನಕ್ಕಳೋ, ಮಿಕ್ಕವರ ಹಳಸಲು ಜೋಕುಗಳಿಗೆಲ್ಲ ವರ್ಷವಿಡೀ ನಗಬೇಕಾಗುತ್ತದೆ. ಗ್ಲಾಸನ್ನು ಅವನ ಮುಂದೆ ಕುಕ್ಕಿ, ಮುಂದಿನವರತ್ತ ತಿರುಗಿದಳು.

ಆ ಬಾರಿನ ರೀತಿಯನ್ನು ಇಲ್ಲಿ ಹೇಳಿಬಿಡಬೇಕು. ಅಲ್ಲಿ ಸಾಲು ಅಂತ ಒಂದಿರಲಿಲ್ಲ. ಉದ್ದನೆಯ ಮರದ ಕೌಂಟರು. ಬಂದವರು ಸಿಕ್ಕ ಜಾಗದಲ್ಲಿ ಮೊಣಕೈ ಊರಿ ನಿಲ್ಲುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಸಂತೆ. ಆದರೆ ಯಾರು ಯಾರ ಹಿಂದೆ ಬಂದರೆಂಬುದು ಅವಳ ತಲೆಯೊಳಗೆ ದಾರಕ್ಕೆ ಪೋಣಿಸಿದಂತೆ ಇರುತ್ತಿತ್ತು. ಹೊಸಬರು ಬಂದು ನಿಂತೊಡನೆ, ಎಷ್ಟೇ ಗಡಿಬಿಡಿಯಲ್ಲಿದ್ದರೂ, ಅವರ ಕಡೆಗೊಮ್ಮೆ ಹುಬ್ಬು ಏರಿಸುತ್ತಿದ್ದಳು. ನೋಡಿದ್ದೇನೆ, ನೀವು ಲೆಕ್ಕದಲ್ಲಿದ್ದೀರಿ ಎಂದು ಅದರ ಅರ್ಥ. "ಹುಬ್ಬು ಸಿಕ್ತಾ?" ಎಂದು ಒಬ್ಬ ಕೇಳಿದರೆ "ಸಿಕ್ತು" ಎಂದು ಇನ್ನೊಬ್ಬ ಹೇಳಿ ನಿಶ್ಚಿಂತೆಯಿಂದ ಹರಟೆಗೆ ತೊಡಗುತ್ತಿದ್ದ. ಹುಬ್ಬು ಸಿಕ್ಕಮೇಲೆ ಕೂಗಬೇಕಾಗಿರಲಿಲ್ಲ.

ಕೂಗಿದರೆ ನಡೆಯುತ್ತಲೂ ಇರಲಿಲ್ಲ. ನೋಟು ಬೀಸಿದವನ ಕೈ ನೋಯುತ್ತಿತ್ತೇ ಹೊರತು ಗ್ಲಾಸು ಬರುತ್ತಿರಲಿಲ್ಲ. ಸಿಳ್ಳೆ ಹಾಕಿದವನು ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದ. ರಸ್ತೆ ಗುಡಿಸುವವಳು ಮೊದಲು ಬಂದಿದ್ದರೆ ಕೋಟಿನ ಸಾಹೇಬ ಅವಳ ಹಿಂದೆಯೇ. ಬ್ಯಾಂಕಿಗೆ, ಆಸ್ಪತ್ರೆಗೆ, ಕೋರ್ಟಿಗೆ, ಶಾಲೆಗೆ, ದೊಡ್ಡವರಿಗೆಂದು ಪಕ್ಕದ ಬಾಗಿಲು ಎಲ್ಲಿಲ್ಲ ಹೇಳಿ? ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ, ಬಾಯಿಲ್ಲದವನು ಸುಗ್ಗಿಯಲ್ಲೂ ಸಾಯುತ್ತಾನೆ ಎಂಬುದೇ ನಡೆದುಕೊಂಡು ಬಂದ ಕಾನೂನು. ಆ ಕಾನೂನು ಅವಳ ಕೌಂಟರಿನ ಅಂಚಿಗೆ ಬಂದು ನಿಲ್ಲುತ್ತಿತ್ತು.

ಅವಳಿಗೆ ಅಷ್ಟೊಂದು ಹಟ ಏಕೆಂದರೆ, ಆ ಮೂರು ಗೇಣು ಅಗಲದ ಹಲಗೆಯ ಆಚೆ ಅವಳಿಗೇ ಸರದಿ ಎಂಬುದಿರಲಿಲ್ಲ. ಅಕ್ಕನ ಮದುವೆ ಮೊದಲಾಗಲಿ ಎಂದರು. ತಮ್ಮನ ಓದು ಮುಗಿಯಲಿ ಎಂದರು. ಅಪ್ಪನ ಕಾಯಿಲೆ ವಾಸಿಯಾಗಲಿ ಎಂದರು. ಅದು ವಾಸಿಯಾಗದೆ ಅಪ್ಪನೇ ಹೋದ. ಆಮೇಲೆ ತಮ್ಮನ ಮದುವೆ. ಪ್ರತಿ ಸಲವೂ ಅಮ್ಮ ಅವಳ ತಲೆ ಸವರಿ, ಬೈದಿದ್ದರೆ ಎದುರಾಡಬಹುದಿತ್ತು, ಅಷ್ಟು ಪ್ರೀತಿಯಿಂದ ಹೇಳುತ್ತಿದ್ದಳು: "ನೀನು ಕಾಯ್ತೀಯಲ್ಲ ಮಗಳೇ." ಕಾದಳು. ಈಗ ಎರಡು ಕೋಣೆಯ ಮನೆಯಲ್ಲಿ ಅಮ್ಮ, ಅವಳು, ಒಂದು ಟಿವಿ. ಸಂಜೆ ಮನೆಗೆ ಹೋದರೆ ಟಿವಿಯೇ ಇಬ್ಬರೊಡನೆಯೂ ಮಾತಾಡುತ್ತಿತ್ತು. ಅವರು ಒಬ್ಬರೊಡನೊಬ್ಬರು ಮಾತಾಡುವುದು ಜಾಹೀರಾತು ಬಂದಾಗ.

ಅಂಥವಳ ಕಣ್ಣೆದುರು ಒಬ್ಬ ತನ್ನ ಸರದಿಯನ್ನು ಹೀಗೆ ಬೀದಿಗೆ ಚೆಲ್ಲುತ್ತಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಅವನು ಲಿಫ್ಟ್ ರಿಪೇರಿ ಮಾಡುವವನು. ಸುತ್ತಲಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಸುಪರ್ದಿನಲ್ಲಿದ್ದವು. ಬಾರಿನಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ಬೈಸಿಕೊಂಡ ಮಾರನೆಯ ದಿನವೂ ಬಂದ. ಹುಬ್ಬು ಸಿಕ್ಕಿತು. ಸರದಿ ಬಂತು. ಪಕ್ಕದ ಮುದುಕನತ್ತ ಕೈ ತೋರಿಸಿ, ಅವಳ ಮುಖ ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಾಲಿಗೆ ಕಚ್ಚಿಕೊಂಡ.

ಕಾರ್ಖಾನೆಗೆ ರಜೆಯಿದ್ದ ಒಂದು ಮಧ್ಯಾಹ್ನ ಬಾರು ಖಾಲಿ ಹೊಡೆಯುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿತ್ತು. ಅವನು ಒಬ್ಬನೇ ಬಂದ. ಬಿಟ್ಟುಕೊಡಲು ಯಾರೂ ಇರಲಿಲ್ಲವಾದ್ದರಿಂದ ತಬ್ಬಿಬ್ಬಾಗಿ ನಿಂತ. ಅವಳು ಗ್ಲಾಸು ಒರೆಸುತ್ತ, ಇವತ್ತಾದರೂ ನಿಜ ಹೇಳಿ, ಯಾಕೆ ಹಾಗೆ ಮಾಡುತ್ತೀರಿ ಎಂದು ಕೇಳಿದಳು. ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲವೋ?

ಅವನು ಕೌಂಟರಿನ ಮರದ ಗೆರೆಯೊಂದನ್ನು ಬೆರಳಿನಿಂದ ತಿದ್ದಿದ.

"ಗ್ಲಾಸು ಕೈಗೆ ಬಂದ್ರೆ ಮೇಜಿಗೆ ಹೋಗ್ಬೇಕು. ಮೇಜಲ್ಲಿ ಎದುರಿನ ಕುರ್ಚಿ ಖಾಲಿ. ಇಲ್ಲಿ ಕಾಯ್ತಾ ನಿಂತ್ರೆ ಆ ಕಡೆ ಒಂದು ಹೆಗಲು, ಈ ಕಡೆ ಒಂದು ಹೆಗಲು. ಯಾರೋ ಕಾಲು ತುಳೀತಾರೆ, ಸಾರಿ ಅಂತಾರೆ. ದಿನಪೂರ್ತಿ ಲಿಫ್ಟಿನ ಬಾವಿಯೊಳಗೆ ಒಬ್ಬನೇ ಇರೋನಿಗೆ ಅದೂ ಒಂದು ಮಾತೇ."

ನೆಲ ನೋಡುತ್ತ ಸೇರಿಸಿದ: "ಆಮೇಲೆ ನಿಮ್ಮ ಹುಬ್ಬು."

ಗ್ಲಾಸು ಒಣಗಿ ಎಷ್ಟೋ ಹೊತ್ತಾಗಿತ್ತು. ಅವಳು ಒರೆಸುತ್ತಲೇ ಇದ್ದಳು.

ಅಂದಿನಿಂದ ಅವಳು ಅವನನ್ನು ಬೈಯಲಿಲ್ಲ. ಬದಲಿಗೆ ತನ್ನ ಕಾನೂನಿನೊಳಗೆ ಒಂದು ಸಣ್ಣ ಕಳ್ಳದಾರಿ ಕೊರೆದಳು. ಅವನ ಸರದಿಯನ್ನು ಅವಳೇ ಹಿಂದಕ್ಕೆ ಹಾಕುತ್ತಿದ್ದಳು. ಅವನು ಬಿಟ್ಟುಕೊಡುವ ಮೊದಲೇ ಅವಳ ಕೈ ಪಕ್ಕದವರ ಗ್ಲಾಸಿಗೆ ಹೋಗುತ್ತಿತ್ತು, ಕಣ್ಣು ಮಾತ್ರ ಅವನತ್ತ. ಇನ್ನೂ ಸ್ವಲ್ಪ ಹೊತ್ತು ಇರಿ ಎನ್ನುವ ಕಣ್ಣು. ಇದ್ದೇನಲ್ಲ ಎನ್ನುವ ಕಣ್ಣು. ಪೀಪಾಯಿಯ ನಲ್ಲಿ ತಿರುಗಿಸುವಾಗ ಒಂದು ನೋಟ, ಐಸು ಒಡೆಯುವಾಗ ಒಂದು, ಚಿಲ್ಲರೆ ಕೊಡುವಾಗ ಇನ್ನೊಂದು. ಹೀಗೆ ಗುಬ್ಬಿ ಕಾಳು ಕುಕ್ಕಿದಂತೆ ಇಡೀ ಮಧ್ಯಾಹ್ನ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಗಿಸುತ್ತಿದ್ದರು. ಜನ ಕರಗಿದ ಮೇಲೆ ಕೊನೆಯ ಗ್ಲಾಸು ಅವನದು. ಅದನ್ನು ಅವನು ಕೌಂಟರಿನ ಬಳಿಯೇ ನಿಂತು ಕುಡಿಯುತ್ತಿದ್ದ. ಯಾವ ಕಟ್ಟಡದ ಲಿಫ್ಟು ಮಹಡಿಗೆ ಬರುವಾಗ ಬಿಕ್ಕಳಿಸುತ್ತದೆ, ಯಾವುದು ಮುಂಗೋಪಿ, ಯಾವುದರ ಕನ್ನಡಿಯ ಮುಂದೆ ಸಾಹೇಬರು ಹಲ್ಲು ಕಿಸಿದು ನೋಡಿಕೊಳ್ಳುತ್ತಾರೆ ಎಂದೆಲ್ಲ ಹೇಳುತ್ತಿದ್ದ. ಅವಳು ಈಗ ನಗುತ್ತಿದ್ದಳು.

ಒಂದು ದಿನ, ಕೌಂಟರಿನ ಹಿಂದೆ ಗ್ಲಾಸು ತೊಳೆಯುವ ಮುದುಕ, ಎಲ್ಲರಿಗೂ ಅವನು ಮಾವ, ಸಿಂಕಿನಿಂದ ತಲೆ ಎತ್ತದೆಯೇ ಕೇಳಿದ:

"ಏನು ಮಗಳೇ, ಆ ಲಿಫ್ಟಣ್ಣನಿಗೆ ಕೊಡೋ ಬಿಯರು ಇನ್ನೂ ಹುಳಿ ಬರ್ತಾ ಇದ್ಯಾ? ದಿನಾ ಯಾಕೆ ಇಷ್ಟು ಹೊತ್ತಾಗುತ್ತೆ?"

"ಸುಮ್ನೆ ತೊಳೀರಿ ಮಾವ."

"ತೊಳೀತಾನೇ ಇದ್ದೀನಮ್ಮ. ಕಣ್ಣಲ್ಲಿ ಬಿದ್ದಿದ್ದನ್ನ ತೊಳೆಯೋಕಾಗ್ತಿಲ್ಲ ಅಷ್ಟೇ."

ಇದು ಹೀಗೇ ನಡೆದಿದ್ದರೆ ಏನಾಗುತ್ತಿತ್ತೋ. ಇಬ್ಬರೂ ಕೇಳದೆ ಇರುವುದರಲ್ಲಿ ಪಳಗಿದವರು. ಕೌಂಟರಿನ ಆಚೆ ಅವನು, ಈಚೆ ಅವಳು, ನಡುವೆ ಒಂದು ಒದ್ದೆ ಬಟ್ಟೆ. ಹೀಗೆಯೇ ಕೂದಲು ನೆರೆಯುವವರೆಗೂ ನಿಂತಿರುತ್ತಿದ್ದರೋ ಏನೋ. ಅಷ್ಟರಲ್ಲಿ ಮಾಲೀಕನ ಅಳಿಯ ಬಂದ.

ಅಳಿಯ ಎಲ್ಲಿಯೋ ಮ್ಯಾನೇಜ್‌ಮೆಂಟ್ ಓದಿದವನು. ಬಂದ ವಾರದಲ್ಲೇ ಕೌಂಟರಿನ ಮುಂದೆ ಹಿತ್ತಾಳೆಯ ಕಂಬ ನೆಟ್ಟು ಕೆಂಪು ಹಗ್ಗ ಬಿಗಿದ. ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಮುಂದೆ ಬಂದವರನ್ನು ಮಾತ್ರ ನೋಡಬೇಕು. ಹರಟೆ ಕೂಡದು. ಸರ್ವಿಸ್ ಸ್ಪೀಡ್ ಆಗಬೇಕು ಎಂದ. ಇದೇನು ಬಾರೋ ರೇಷನ್ ಅಂಗಡಿಯೋ ಎಂದು ಗಿರಾಕಿಗಳು ಗೊಣಗಿದಾಗ, ಇದು ಕ್ಯೂ ಅಲ್ಲ, ಸಿಸ್ಟಮ್ ಎಂದು ತಿಳಿಹೇಳಿದ. ಅಳಿಯ ಅಲ್ಲ, ಮಗಳ ಗಂಡ ಎಂದು ಮಾವ ಸಿಂಕಿನೊಳಗೇ ನಕ್ಕ.

ಸ್ಪೀಡ್ ಎಲ್ಲಿಂದ ಬರಬೇಕು? ಅವಳು ಒಂದು ಕೈಯಲ್ಲಿ ನಲ್ಲಿ ತಿರುಗಿಸುತ್ತ ಒಂದು ಕಿವಿಯಲ್ಲಿ ಮುಂದಿನವರ ಬೇಡಿಕೆ ಕೇಳಿ, ಒಂದೇ ಸಲಕ್ಕೆ ಐದಾರು ಗ್ಲಾಸು ಹೊರಡಿಸುತ್ತಿದ್ದವಳು. ಈಗ ಒಬ್ಬ ಬಂದು, ಬೋರ್ಡು ನೋಡಿ, ತಲೆ ಕೆರೆದು, ಏನಿದೆ ಎಂದು ಕೇಳಿ, ಇದು ಬೇಡ ಅದು ಎನ್ನುವವರೆಗೆ ಇಡೀ ಜಗತ್ತು ಅವನ ಬೆನ್ನ ಹಿಂದೆ ನಿಲ್ಲಬೇಕು. ಉದ್ದನೆಯ ಕೌಂಟರು ಬೋಳಾಗಿ ಬಿದ್ದಿರುತ್ತಿತ್ತು. ಸಾಲು ಬಾಗಿಲು ದಾಟಿ ಬಿಸಿಲಿಗೆ ಹೋಗುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದು, ಎಲ್ಲರಿಗೂ ಕಾಣುವುದು ಮುಂದಿನವನ ಕತ್ತು. ಮನುಷ್ಯರನ್ನು ಆಳಬೇಕೆನ್ನುವವರು ಮೊದಲು ಮಾಡುವುದು ಇದನ್ನೇ.

ಲಿಫ್ಟಣ್ಣ ಸಾಲಿನಲ್ಲೂ ತನ್ನ ಬುದ್ಧಿ ಬಿಡಲಿಲ್ಲ. ಹಿಂದಿನವರಿಗೆ ಜಾಗ ಬಿಟ್ಟು ಬಿಟ್ಟು ಯಾವಾಗಲೂ ಬಾಲದಲ್ಲಿ, ಬಾಗಿಲಿನ ಹೊರಗೆ ಇರುತ್ತಿದ್ದ. ಅಲ್ಲಿಗೆ ಅವಳ ಹುಬ್ಬು ಎಟುಕುತ್ತಿರಲಿಲ್ಲ. ಅವನು ಮುಂದೆ ಬರುವ ಹೊತ್ತಿಗೆ ಅಳಿಯ ಅವಳ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿರುತ್ತಿದ್ದ. ಒಂದು ಬಿಯರ್. ತಗೊಳ್ಳಿ. ನೆಕ್ಸ್ಟ್. ಅವನು ಗ್ಲಾಸು ಹಿಡಿದು ಮೂಲೆಯ ಮೇಜಿಗೆ ಹೋಗಿ, ಖಾಲಿ ಕುರ್ಚಿಯ ಎದುರು ಕೂರುತ್ತಿದ್ದ. ಅವಳಿಗೆ ಅಲ್ಲಿಂದ ಅವನ ಬೆನ್ನಷ್ಟೇ ಕಾಣುತ್ತಿತ್ತು. ಬೆನ್ನು ನೋಡಿಯೂ ಒಬ್ಬನ ಒಂಟಿತನ ತಿಳಿಯುತ್ತದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ತನ್ನದು ಯಾರಿಗಾದರೂ ಹೀಗೆ ಕಂಡಿರಬಹುದೇ ಎಂದೂ ಅನ್ನಿಸಿತು.

ಹಗ್ಗ ತೆಗೆಸಿ ಎಂದು ಅವಳು ಅಳಿಯನಿಗೆ ಹೇಳಿದಳು. ಮಾಲೀಕನಿಗೆ ಹೇಳಿದಳು. ಹಿತ್ತಾಳೆ ಕಂಬಕ್ಕೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ಕಾರ್ಖಾನೆಯಲ್ಲಿ ಸಂಬಳದ ದಿನ. ಸಾಲು ರಸ್ತೆಯ ತಿರುವಿನವರೆಗೂ ಹೋಗಿತ್ತು. ಹೊರಗೆ ಬಿಸಿಲಿಗೆ ಒಬ್ಬ ಹೆಂಗಸು ತಲೆ ಸುತ್ತಿ ಕುಸಿದು ಕೂತಳೆಂದು ಯಾರೋ ಹೇಳಿದರು. ಒಳಗೆ ಕೌಂಟರಿನ ಬದಿಗೆ ಹತ್ತು ಜನ ನಿಲ್ಲುವಷ್ಟು ನೆರಳು ಖಾಲಿ ಬಿದ್ದಿತ್ತು. ಅವಳು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟಳು. ಕೌಂಟರಿನ ತುದಿಯ ಮಡಿಚುವ ಹಲಗೆ ಎತ್ತಿ ಹೊರಬಂದು, ಅಳಿಯ ನೋಡನೋಡುತ್ತಿದ್ದಂತೆ ಹಗ್ಗದ ಕೊಕ್ಕೆ ಕಳಚಿದಳು.

"ಎಲ್ಲರೂ ಒಳಗೆ ಬನ್ನಿ. ನಾನು ನೋಡ್ಕೋತೀನಿ."

ಒಡ್ಡು ಒಡೆದ ನೀರಿನಂತೆ ಜನ ನುಗ್ಗಿದರು. ಅಳಿಯ ಏನೋ ಕೂಗಿದ್ದು ಆ ಗದ್ದಲದಲ್ಲಿ ಮುಳುಗಿತು. ಅವಳ ಕೈಗಳು ಹುಚ್ಚೆದ್ದು ಓಡಿದವು. ನಲ್ಲಿ, ಐಸು, ಗ್ಲಾಸು, ಚಿಲ್ಲರೆ. ಹುಬ್ಬು ಅಲ್ಲಿ, ಹುಬ್ಬು ಇಲ್ಲಿ. ಕೌಂಟರಿನ ಉದ್ದಕ್ಕೂ ಮುಖಗಳು, ಮುಖಗಳು, ಮುಖಗಳು. ಅವಳಿಗೆ ಗೆದ್ದ ಅಮಲು. ಆ ಮಧ್ಯಾಹ್ನ ಆ ಬಾರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಮಲೇರಿದ್ದು ಒಂದು ಹನಿಯೂ ಕುಡಿಯದ ಅವಳಿಗೆ.

ಆಗಲೇ ನೀಲಿ ತೋಳೊಂದು ಕೌಂಟರಿನ ಮೇಲೆ ಬಂತು.

"ಇವತ್ತು ನಂಗೆ ಮೊದಲು ಕೊಡಿ. ಒಂದು ಮಾತು ಇತ್ತು" ಎಂದಿತು ಅವನ ದನಿ.

ಅವಳು ತಲೆ ಎತ್ತಲಿಲ್ಲ. ಕೈ ಅಭ್ಯಾಸದಂತೆ ಪಕ್ಕದವರ ಗ್ಲಾಸಿಗೆ ಹೋಯಿತು. ಬಾಯಿಯೂ ಅಭ್ಯಾಸದಂತೆ, ತುಂಬ ಅಕ್ಕರೆಯಿಂದಲೇ, ಅಂದುಬಿಟ್ಟಿತು:

"ನೀವು ಕಾಯ್ತೀರಲ್ಲ."

ಮತ್ತೆ ತಿರುಗಿದಾಗ ನೀಲಿ ತೋಳು ಇದ್ದ ಜಾಗದಲ್ಲಿ ಬೇರೆ ಯಾರದೋ ಮೊಣಕೈ ಇತ್ತು. ಜನ ಕರಗುವವರೆಗೂ ಅವಳ ಕಣ್ಣು ಹುಡುಕಿತು. ಕೊನೆಯ ಗ್ಲಾಸು ತುಂಬಿಸಿ ಇಟ್ಟಳು. ನೊರೆ ಇಳಿಯಿತು, ಬಿಯರು ಬೆಚ್ಚಗಾಯಿತು, ಮಾವ ಬಂದು ಅದನ್ನು ಸಿಂಕಿಗೆ ಸುರಿದ.

ಹಗ್ಗ ಮತ್ತೆ ಬರಲಿಲ್ಲ. ಆ ದಿನದ ಗಲ್ಲಾ ನೋಡಿದ ಮಾಲೀಕ ಅಳಿಯನನ್ನು ಒಳಗೆ ಕರೆದು ಏನೋ ಹೇಳಿದನಂತೆ. ಗಿರಾಕಿಗಳು ಅವಳಿಗೆ ಜೈ ಎಂದರು. ಅವಳ ಕಿವಿಯಲ್ಲಿ ಮಾತ್ರ ತನ್ನದೇ ಆ ಮಾತು ಅಮ್ಮನ ದನಿಯಲ್ಲಿ ಕೇಳುತ್ತಿತ್ತು. ಬದುಕಿಡೀ ತನ್ನನ್ನು ಹಿಂದಕ್ಕೆ ತಳ್ಳಿದ ಮಾತನ್ನು, ತನ್ನೆದುರು ಮೊದಲ ಸಲ ಏನೋ ಕೇಳಿದವನ ಮೇಲೆ ಎಸೆದಿದ್ದಳು. ಅದೂ ನ್ಯಾಯ ಗೆದ್ದುಕೊಂಡ ಗಳಿಗೆಯಲ್ಲಿ. ನಾವು ದೊಡ್ಡ ಹಗ್ಗಗಳನ್ನು ಬಿಚ್ಚುವಾಗ ಪಕ್ಕದಲ್ಲಿರುವವರ ಕಾಲಿಗೆ ತೊಡರಿದ ಸಣ್ಣ ಹಗ್ಗ ಕಾಣುವುದೇ ಇಲ್ಲ.

ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ. ಬಾರು ತುಂಬಿರುತ್ತಿತ್ತು, ಹೆಗಲಿಗೆ ಹೆಗಲು. ಅಷ್ಟು ಜನರ ನಡುವೆ ಒಬ್ಬ ಇಲ್ಲದಿರುವುದು ಎಷ್ಟು ಜಾಗ ಹಿಡಿಯುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮನೆಗೆ ಹೋದರೆ ಟಿವಿ. ಜಾಹೀರಾತು ಬಂದಾಗ ಅಮ್ಮ, ಯಾಕೆ ಸಪ್ಪಗಿದ್ದೀಯ ಎಂದು ಕೇಳಿದಳು. ಅವಳು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಧಾರಾವಾಹಿ ಶುರುವಾಯಿತು.

ಕೊನೆಗೆ ಮಾವನೇ ಸುದ್ದಿ ತಂದ. ಲಿಫ್ಟಣ್ಣ ಗಡಿಯಾರ ಗೋಪುರದ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದಾನಂತೆ, ಅಲ್ಲಿನದು ಮುಗಿಸಿ ಬೇರೆ ಊರಿಗೆ ಹೋಗುತ್ತಾನಂತೆ. ಹೇಳಿ, ತನ್ನ ಒದ್ದೆ ಕೈಗಳನ್ನು ಒರೆಸಿಕೊಂಡು, ನಲ್ಲಿಯ ಮುಂದೆ ತಾನೇ ಬಂದು ನಿಂತ. "ಹೋಗು ಮಗಳೇ. ಬಿಯರು ಸುರಿಯೋದು ಏನು ಮಹಾ ವಿದ್ಯೆ."

ಕಟ್ಟಡದ ಲಿಫ್ಟು ನಿಂತಿತ್ತು. ಅವನೇ ನಿಲ್ಲಿಸಿದ್ದು. ಮೆಟ್ಟಿಲು ಹತ್ತಿ ಹತ್ತಿ ಅವಳ ಎದೆ ಕಮ್ಮಾರನ ತಿದಿಯಾಯಿತು. ಎಲ್ಲಕ್ಕಿಂತ ಮೇಲೆ, ತಾರಸಿಯ ಕೆಳಗಿನ ಸಣ್ಣ ಯಂತ್ರದ ಕೋಣೆ. ಬಾಗಿಲು ತೆರೆದಿತ್ತು. ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು, ಒಂದು ದಪ್ಪ ಚಕ್ರದ ಎದುರು ಅವನು ಕುಕ್ಕರಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು, ಕೂರಿಸಲು ಏನೂ ಇಲ್ಲದೆ, ತನ್ನ ಟೂಲ್‌ಬಾಕ್ಸನ್ನೇ ಕಾಲಿನಿಂದ ಅವಳತ್ತ ಸರಿಸಿದ.

ಅವಳು ಕೂರಲಿಲ್ಲ. ಅಂದು ತಾನು ಮುಖ ನೋಡದೆ ಮಾತಾಡಿದ್ದು ತಪ್ಪಾಯಿತು ಎಂದಳು. ಅವನು ತಪ್ಪೇನಿಲ್ಲ, ಗಲಾಟೆ ಇತ್ತು, ನೀವು ಹೇಳಿದ್ದೂ ಸರಿಯೇ, ಕಾಯುವುದು ನನಗೆ ಅಭ್ಯಾಸ ಎಂದ. ಹಾಗೆ ಹೇಳುವಾಗಲೂ ಮುಗುಳ್ನಗುತ್ತಿದ್ದ. ಆ ನಗು ಕಂಡು ಅವಳ ಪಿತ್ತ ನೆತ್ತಿಗೇರಿತು.

"ನಗಬೇಡಿ. ಸ್ವಲ್ಪ ಕೋಪ ಮಾಡ್ಕೊಳ್ಳಿ. ಇಲ್ಲಿಗಂಟ ಮೆಟ್ಟಿಲು ಹತ್ತಿ ಬಂದಿದ್ದೀನಿ, ಪರವಾಗಿಲ್ಲ ಅನ್ನಿಸ್ಕೊಂಡು ಹೋಗೋಕಲ್ಲ."

ಅವನ ಮುಖದ ನಗು ಮೆಲ್ಲಗೆ ಕಳಚಿತು. ಅದರ ಹಿಂದೆ ಇದ್ದ ಮುಖವನ್ನು ಅವಳು ಅದುವರೆಗೂ ನೋಡಿರಲಿಲ್ಲ.

"ಕೋಪ ಇದೆ" ಎಂದ, ತನಗೇ ಆಶ್ಚರ್ಯವಾದವನಂತೆ. "ಬೇರೆ ಊರಿಗೆ ಹಾಕಿದ್ರು. ಹೋಗು ಅಂತೀರೋ, ಇರು ಅಂತೀರೋ, ಕೇಳೋಕೆ ಬಂದಿದ್ದೆ. ದಾರಿ ಉದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ. ನೀವು ಎಲ್ಲರ ಮುಖ ನೋಡಿದ್ರಿ. ನನ್ನದು ಬಿಟ್ಟು."

ಚಕ್ರದಿಂದ ಎಣ್ಣೆಯ ಹನಿಯೊಂದು ತೊಟ್ಟಿಕ್ಕಿತು. ಕೆಳಗೆಲ್ಲೋ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೈಯುತ್ತಿದ್ದರು.

"ಇರಿ" ಎಂದಳು ಅವಳು.

ಬದುಕಿನಲ್ಲಿ ಅವಳು ತನಗಾಗಿ ಕೇಳಿದ ಮೊದಲನೆಯದು ಇದೇ ಇರಬೇಕು. ಎರಡೇ ಅಕ್ಷರ.

"ಒಪ್ಕೊಂಡುಬಿಟ್ಟೆನಲ್ಲ. ಅವತ್ತೇ ಸಂಜೆ ಹ್ಞೂಂ ಅಂದೆ."

"ಈಗ ಊಹ್ಞೂಂ ಅನ್ನಿ."

"ನಂಗೆ ಹಾಗೆ ಹೇಳಿ ಗೊತ್ತಿಲ್ಲ."

"ನಂಗೂ ಇರಿ ಅಂತ ಹೇಳಿ ಗೊತ್ತಿರಲಿಲ್ಲ. ಹೇಳಲಿಲ್ವಾ? ತೆಗೀರಿ ಫೋನು."

ಕೈಗೆಲ್ಲ ಗ್ರೀಸು. ಅವನ ಅಂಗಿಯ ಜೇಬಿನಿಂದ ಅವಳೇ ಫೋನು ತೆಗೆದಳು, ಅವನು ಹೇಳಿದ ಹೆಸರು ಹುಡುಕಿದಳು, ಒತ್ತಿ ಅವನ ಕಿವಿಗೆ ಹಿಡಿದಳು. ಇಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ. ಯಾವಾಗಲೂ ನಡುವೆ ಆ ಹಲಗೆ ಇರುತ್ತಿತ್ತು. ಅವನ ಕತ್ತಿನ ನರ ಹೊಡೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು.

ಆ ಕಡೆಯ ಮೇಲಧಿಕಾರಿ ಮೀಟಿಂಗಿನಲ್ಲಿದ್ದನಂತೆ, ಆಮೇಲೆ ಮಾಡು ಎಂದನಂತೆ. ಅವನು ಅವಳ ಮುಖ ನೋಡಿದ. ಅವಳು ಕದಲಲಿಲ್ಲ.

"ಇಲ್ಲ ಸಾರ್, ಈಗಲೇ ಹೇಳ್ತೀನಿ. ನಾನು ಆ ಊರಿಗೆ ಹೋಗಲ್ಲ."

ಆ ಕಡೆಯಿಂದ ಜೋರು ದನಿ. ಅವನು ಫೋನಿನಿಂದ ಕಿವಿ ಸರಿಸಿ ಪಿಸುಗುಟ್ಟಿದ: "ಯಾಕೆ ಅಂತ ಕೇಳ್ತಿದ್ದಾರೆ."

"ಹೇಳಿ."

"ಏನಂತ?"

"ಏನಿದ್ಯೋ ಅದನ್ನ."

ಅವನು ಕಣ್ಣು ಮುಚ್ಚಿಕೊಂಡ. ಬಾವಿಗೆ ಧುಮುಕುವವನ ಹಾಗೆ ಉಸಿರು ಎಳೆದುಕೊಂಡ.

"ಇಲ್ಲಿ ಒಬ್ಬರಿದ್ದಾರೆ ಸಾರ್. ಅವರನ್ನ ಬಿಟ್ಟು ಬರೋಕೆ ನನ್ನಿಂದ ಆಗಲ್ಲ."

ಆ ಕಡೆಯವನು ಇನ್ನೂ ಏನೇನೋ ಹೇಳುತ್ತಿದ್ದ. ಅವಳಿಗೆ ಒಂದೂ ಕೇಳಿಸಲಿಲ್ಲ. ಫೋನು ಹಿಡಿದ ಅವಳ ಕೈಯ ಮೇಲೆ ಅವನು ತನ್ನ ಕೈ ಇಟ್ಟ. ಗ್ರೀಸು ಅವಳ ಬೆರಳುಗಳ ಸಂದಿಗೆಲ್ಲ ಇಳಿಯಿತು.

ಮಾತು ಮುಗಿದ ಮೇಲೆ ಇಬ್ಬರೂ ಕೋಣೆಯ ಹೊರಗೆ ಮೆಟ್ಟಿಲಿನ ಮೇಲೆ ಕೂತರು.

"ಏನಂದ್ರು?"

"ಕೆಲಸ ಹೋದ್ರೂ ಹೋಗಬಹುದು ಅಂದ್ರು."

"ಹ್ಞೂಂ. ಆಮೇಲೆ?"

"ಆಮೇಲೇನಿಲ್ಲ." ಅವನು ಬೆರಳಿನ ಗ್ರೀಸನ್ನು ಪ್ಯಾಂಟಿಗೆ ಉಜ್ಜುತ್ತ ಕೂತ. "ಆ ಒಬ್ಬರು ಯಾರಯ್ಯ, ನಿನ್ನ ಹೆಂಡತಿಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಅಷ್ಟರಲ್ಲಿ ಲೈನು ಕಟ್ ಆಯ್ತು."

"ಆಯ್ತೋ, ಮಾಡಿದ್ರೋ?"

ಅವಳು ಫೋನನ್ನು ಅವನ ತೊಡೆಯ ಮೇಲಿಟ್ಟು, ಇನ್ನೊಂದಿಷ್ಟು ಅವನ ಪಕ್ಕಕ್ಕೆ ಸರಿದು ಕೂತಳು.

"ಮತ್ತೆ ಮಾಡಿ" ಎಂದಳು. "ಪಾಪ, ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ ಅವರಿಗೆ."